ಹೆಸರಿಗೆ ಎರಡು ಕಾಲು

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಹಿಂದೆ
ಝೆರಾಕ್ಸು, ಲ್ಯಾಮಿನೇಷನ್ನು, ಫ್ಲೆಕ್ಸು
ಎಲ್ಲಕ್ಕೂ ಒಂದೇ ಅಂಗಡಿ, ನಂದು.
ಬೆಂದ ಹುಳುವಿನ ವಾಸನೆ ಬಾಗಿಲಲ್ಲೇ ನಿಂತಿರುತ್ತದೆ,
ಸಾಲ ಕೇಳಲು ಬಂದ ನೆಂಟನ ಹಾಗೆ.

ಊಟದ ಹೊತ್ತಿಗೆ ಬಂದಳು ಮುನಿಪಿಳ್ಳಮ್ಮ.
ಇಪ್ಪತ್ತೆರಡು ವರ್ಷ ಇನ್ನೊಬ್ಬರ ಬೇಸಿನ್ನಿನ ಮುಂದೆ ಕೂತು
ಕುದಿನೀರಲ್ಲಿ ಎಳೆ ಹುಡುಕಿದವಳು
ಈಗ ಎರಡು ಬೇಸಿನ್ನು ಸ್ವಂತಕ್ಕೆ ಹಾಕಿದ್ದಾಳೆ.
"ಲಡಿಗೆ ಅಂಟಿಸಕ್ಕೆ ಚೀಟಿ ಬೇಕು, ಇಲಿಯಾಸು.
ನನ್ನೆಸ್ರು. ಥಳಥಳ ಅನ್ನಬೇಕು."

ಥಳಥಳ ಅಂದರೆ ಸಾಕು,
ನನ್ನ ಕೈಗೆ ಕಡಿವಾಣವಿಲ್ಲ.

ಅಡಿಯಲ್ಲಿ ದಪ್ಪ ಅಕ್ಷರ.
ಹಳೇ ಫಾಂಟು. ಳ್ಳದ ಒತ್ತು, ಮ್ಮದ ಒತ್ತು
ರೇಷನ್ ಸಾಲಿನಲ್ಲಿ ನಿಂತವರಂತೆ ತಳ್ಳಾಡಿಕೊಂಡವು,
ಬಿಡಿಸಿ ಕೂರಿಸಿದೆ.
ಮೇಲೆ ಚಿನ್ನ: ನೆತ್ತಿಯಲ್ಲಿ ಹಳದಿ, ಬುಡದಲ್ಲಿ ಕಂದು.
ಚಿನ್ನಕ್ಕೆ ಉಬ್ಬು, ಉಬ್ಬಿಗೆ ಬಿಳಿ ಅಂಚು,
ಅಂಚಿನಾಚೆ ನೀಲಿ ಹೊಗೆಯಂಥ ಪ್ರಭೆ,
ಹಿಂದೊಂದು ನೆರಳು, ನೆರಳಿಗೂ ಒಂದು ನೆರಳು.
ಅಕ್ಷರದ ಹೊಟ್ಟೆಗೆ ರೇಷ್ಮೆ ಬಟ್ಟೆಯ ಚಿತ್ರ ತುಂಬಿದೆ
(ಚೀನಾದ ಬಟ್ಟೆ. ಅವಳಿಗೆ ಹೇಳಲಿಲ್ಲ.)
ಮೂರು ಕಡೆ ಮಿಣುಕು. ಬದಿಗೆ ನವಿಲು.

ಹನ್ನೊಂದು ಪದರ.
ಫ್ಯಾನು ತಿರುಗಿದರೂ ಕಂಪ್ಯೂಟರು ಏದುಸಿರು ಬಿಡುತ್ತಿತ್ತು.

ಅವಳು ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು.
"ಇದು ನಂದಾ?"
"ನಿಂದೇ ಅಕ್ಕ."
"ನಂಗೆ ಓದಕ್ಕೆ ಬರಲ್ಲ ಕಣಪ್ಪ.
ಆದ್ರೆ ನನ್ನೆಸ್ರ ಗುರ್ತು ಗೊತ್ತು.
ಬ್ಯಾಂಕಲ್ಲಿರ್ಲಿ, ಸಂಘದ ಪುಸ್ತಕದಲ್ಲಿರ್ಲಿ,
ಕೊನೇಲಿ ಎರಡು ಕಾಲು ಇಳಿಬಿಟ್ಟಿರ್ತದೆ,
ಕಟ್ಟೆ ಮೇಲೆ ಹುಡುಗಿ ಕೂತಂಗೆ.
ಕಾಲೆಲ್ಲಿ?"

ಕಾಲು ನೀಲಿ ಹೊಗೆಯಲ್ಲಿ ಮುಳುಗಿದ್ದವು.

"ಗೂಡು ನೀರಿಗೆ ಬಿಟ್ಟ ತಕ್ಷಣ ಎಳೆ ಸಿಗ್ತದಾ?
ಮೇಲಿನ ಜೂಟು ಕೀಳಬೇಕು.
ಕಿತ್ತೂ ಕಿತ್ತೂ ಒಂದು ಕಡೆ
ಅದೇ ಓಡಕ್ಕೆ ಶುರು ಮಾಡ್ತದೆ.
ಕೀಳು."

ಪ್ರತಿ ಪದರದ ಪಕ್ಕ ಒಂದು ಕಣ್ಣಿರುತ್ತದೆ,
ಒತ್ತಿದರೆ ಮುಚ್ಚಿಕೊಳ್ಳುತ್ತದೆ.
ಅವಳು ಬೆರಳು ತೋರಿಸಿದಂತೆಲ್ಲ ಒತ್ತಿದೆ.
ಬೆಳ್ಳಗೆ ಬೆಂದು ಗೆರೆ ಅಳಿದ ಬೆರಳು,
ರೇಷನ್ ಅಂಗಡಿಯ ಯಂತ್ರ ಮೂರು ಮೂರು ಸಲ
ಇಲ್ಲ ಎನ್ನುವ ಬೆರಳು.
ಮಿಣುಕು ಹೋಯಿತು. ಪ್ರಭೆ ಹೋಯಿತು.
ಚೀನಾದ ಬಟ್ಟೆಯ ಮೇಲೆ ಬೆರಳು ತಡೆಯಿತು:
"ಇದ್ಯಾವ್ದೋ ನಮ್ಮದಲ್ಲ.
ನೂಲು ಎಲ್ಲಾ ಕಡೆ ಹೊಳೆಯಲ್ಲ, ತಿರುವಿದ ಕಡೆ ಹೊಳೀತದೆ."
ಹೋಯಿತು.

ಕಾಲು ಕಂಡವು.
ಎರಡೂ.
ಅವಳು ಏನೂ ಹೇಳಲಿಲ್ಲ, ಸೆರಗಿನಿಂದ ಪರದೆ ಒರೆಸಿದಳು.

ಉಳಿದದ್ದು ಒಂದು ನೆರಳು.
"ಬೆಳಕು ಯಾವ ಕಡೆಯಿಂದ?" ಅಂದಳು.
ಯಾರೂ ಕೇಳದ ಪ್ರಶ್ನೆ. ಯಂತ್ರ ಕೊಟ್ಟ ಕಡೆಯಿಂದ, ಅಕ್ಕ.
"ನಮ್ಮ ಶೆಡ್ಡಿಗೆ ಕಿಟಕಿ ಬಲಕ್ಕೈತೆ."
ನೆರಳನ್ನು ಎಡಕ್ಕೆ ತಿರುಗಿಸಿದೆ.

"ಚಿನ್ನ?"
"ಇರಲಿ ಬುಡು, ಮುನ್ನೂರು ರೂಪಾಯಿ ಕೊಡ್ತಿಲ್ವಾ.
ಆ ನವಿಲಿಗೆಷ್ಟು?"
"ಪುಕ್ಕಟೆ."
"ಅದೂ ಇರಲಿ. ವಸಿ ಚಿಕ್ಕದು ಮಾಡು."

ಐನೂರು ಚೀಟಿ ಮಡಿಲಲ್ಲಿಟ್ಟುಕೊಂಡು
ಗೂಡಿನ ಚೀಲಗಳ ಸಂದಿಯಲ್ಲಿ ಹೋದಳು.
ಫೈಲು ಮುಚ್ಚುವಾಗ ನೋಡಿದೆ,
ಯಾವುದನ್ನೂ ಅಳಿಸಿರಲಿಲ್ಲ ನಾನು.
ಕಣ್ಣು ಮುಚ್ಚಿದ ಪದರಗಳು ಒಳಗೇ
ಹುಳುವಿನ ಹಾಗೆ ಸುರುಳಿ ಸುತ್ತಿ ಮಲಗಿದ್ದವು.

ಸಂಜೆ ಒಬ್ಬ ಟೆಂಪೋದವನು ಬಂದ.
ಹಿಂದಿನ ಗಾಜಿಗೆ ಮಗನ ಹೆಸರು, ಲೋಹಿತ.
"ಹಂಗೇ ಕಣ್ಣು ಕುಕ್ಕಬೇಕು."
ಅಕ್ಷರ ಕೂರಿಸಿ ಅತ್ತಿಂದಿತ್ತ ನೋಡಿದೆ,
ಎಲ್ಲೂ ಕಾಲಿಲ್ಲ.
ನೀಲಿ ಹೊಗೆಯ ಕಣ್ಣು ತೆರೆದೆ.